ಹಲ್ಲಿನ ಕ್ಲಿಪ್‌ಗೆ ಯಾವ ಬಣ್ಣದ ರಬ್ಬರ್ ಹಾಕಿಸೋಣ?

ಕ್ಲಿಪ್ ಹಾಕಿಸಿಕೊಳ್ಳಲು ಹೋದ ದಿನ ಹೆಚ್ಚಿನದನ್ನೆಲ್ಲ ಡಾಕ್ಟರೇ ನಿರ್ಧರಿಸುತ್ತಾರೆ. ಯಾವ ತಂತಿ, ಎಷ್ಟು ಬಿಗಿ, ಯಾವ ಹಲ್ಲು ಮೊದಲು, ಇದರಲ್ಲೆಲ್ಲ ನಮ್ಮ ಮಾತಿಗೆ ಜಾಗ ಇಲ್ಲ. ಒಂದನ್ನು ಮಾತ್ರ ನಮ್ಮನ್ನೇ ಕೇಳುತ್ತಾರೆ: "ಯಾವ ಕಲರ್ ಹಾಕೋಣ?" ಅಷ್ಟರಲ್ಲಿ ಬಾಯಿ ತೆರೆದು ತೆರೆದು ದವಡೆ ಸೋತಿರುತ್ತದೆ. ಕೆನ್ನೆ ಎಳೆದು ಹಿಡಿಯುವ ಪ್ಲಾಸ್ಟಿಕ್ ಇನ್ನೂ ಬಾಯಲ್ಲೇ ಇರುತ್ತದೆ. ಕಣ್ಣ ಮುಂದೆ ಮೂವತ್ತು ಬಣ್ಣದ ಚಾರ್ಟ್ ಹಿಡಿದುಕೊಂಡು ಕಾಯುತ್ತಿರುತ್ತಾರೆ. ಆಗ ಯಾರಿಗೆ ತಲೆ ಓಡುತ್ತದೆ ಹೇಳಿ. ಬೆರಳು ಯಾವುದರ ಮೇಲೆ ಬಿತ್ತೋ ಅದೇ ಬಣ್ಣ. ಆಮೇಲೆ ಮನೆಗೆ ಬಂದು ಕನ್ನಡಿ ನೋಡಿಕೊಂಡು, ಮುಂದಿನ ಅಪಾಯಿಂಟ್‌ಮೆಂಟ್ ತನಕ ಬಾಯಿಗೆ ಕೈ ಅಡ್ಡ ಹಿಡಿದು ನಗುವುದು.

ಅದಕ್ಕೇ ಬಣ್ಣವನ್ನು ಮನೆಯಲ್ಲೇ ಯೋಚಿಸಿಕೊಂಡು ಹೋಗುವುದು ಒಳ್ಳೆಯದು. ಮುಖ್ಯವಾದ ಮಾತು ಮೊದಲೇ ಹೇಳಿಬಿಡುತ್ತೇನೆ: ಹಾಕಿಸಿಕೊಂಡ ದಿನ ಹೇಗೆ ಕಾಣುತ್ತದೆ ಅಂತ ನೋಡಬೇಡಿ, ಬದಲಾಯಿಸಲು ಹೋಗುವ ಹಿಂದಿನ ವಾರ ಹೇಗೆ ಕಾಣುತ್ತದೆ ಅಂತ ಯೋಚಿಸಿ. ಮೊದಲ ದಿನ ಎಲ್ಲ ಬಣ್ಣವೂ ಚೆಂದವೇ. ಐದನೇ ವಾರಕ್ಕೂ ಚೆಂದ ಇರುವ ಬಣ್ಣಗಳು ಕಡಿಮೆ.

ಬಣ್ಣ ಇರುವುದು ಎಲ್ಲಿ

ಕ್ಲಿಪ್ ಅಂತ ನಾವು ಒಟ್ಟಾಗಿ ಕರೆಯುವುದರಲ್ಲಿ ಮೂರು ಸಾಮಾನುಗಳಿವೆ. ಹಲ್ಲಿನ ಮೇಲೆ ಅಂಟಿಸುವ ಪುಟ್ಟ ಚೌಕ, ಅದು ಬ್ರಾಕೆಟ್. ಪ್ರತಿ ಬ್ರಾಕೆಟ್‌ನ ಮಧ್ಯದಲ್ಲಿರುವ ಸೀಳಿನಲ್ಲಿ ಹಾದು ಹೋಗುವ ತಂತಿ. ಆ ತಂತಿ ಸೀಳಿನಿಂದ ಆಚೆ ಬರದ ಹಾಗೆ ಹಿಡಿದಿಡುವ ಪುಟಾಣಿ ರಬ್ಬರ್ ಉಂಗುರ. ಬಣ್ಣ ಇರುವುದು ಈ ಉಂಗುರಕ್ಕೆ. ಕ್ಲಿನಿಕ್‌ನಲ್ಲಿ ಇದನ್ನು ಮಾಡ್ಯೂಲ್ ಅಥವಾ ಲಿಗೇಚರ್ ಅನ್ನುತ್ತಾರೆ. ಸಾಮಾನ್ಯವಾಗಿ ಪಾಲಿಯುರೆಥೇನ್ ಅನ್ನುವ ಹಿಗ್ಗುವ ಪ್ಲಾಸ್ಟಿಕ್‌ನಿಂದ ಮಾಡಿರುತ್ತಾರೆ. ಆದ್ದರಿಂದ ಲೇಟೆಕ್ಸ್ ಅಲರ್ಜಿ ಇರುವವರಿಗೂ ಇದರಿಂದ ಅಷ್ಟಾಗಿ ತೊಂದರೆ ಬರುವುದಿಲ್ಲ. ಆದರೆ ಅಲರ್ಜಿ ಇದ್ದರೆ ಮೊದಲ ದಿನವೇ ಬಾಯಿಬಿಟ್ಟು ಹೇಳಿ, ಯಾಕೆಂದರೆ ಮೇಲಿನ ಹಲ್ಲಿಂದ ಕೆಳಗಿನ ಹಲ್ಲಿಗೆ ನಾವೇ ದಿನಾ ಸಿಕ್ಕಿಸಿಕೊಳ್ಳುವ ಎಲಾಸ್ಟಿಕ್‌ಗಳು ಬೇರೆ, ಅವುಗಳಲ್ಲಿ ಲೇಟೆಕ್ಸ್ ಇರುವುದುಂಟು.

ಉಂಗುರ ಹಾಕುವುದನ್ನು ಒಮ್ಮೆ ಗಮನವಿಟ್ಟು ನೋಡಿ. ಬಣ್ಣದ ಲೆಕ್ಕಾಚಾರ ಅರ್ಧ ಅಲ್ಲೇ ಗೊತ್ತಾಗುತ್ತದೆ. ಉಂಗುರಗಳು ಒಂದು ಪ್ಲಾಸ್ಟಿಕ್ ಕಡ್ಡಿಗೆ ಸಾಲಾಗಿ ಅಂಟಿಕೊಂಡಿರುತ್ತವೆ. ಇಕ್ಕಳದಂಥ ಒಂದು ಸಣ್ಣ ಸಲಕರಣೆಯಲ್ಲಿ ಒಂದನ್ನು ಹಿಡಿದು ಕೀಳುತ್ತಾರೆ. ಬ್ರಾಕೆಟ್‌ನ ಒಂದು ಮೂಲೆಗೆ ಸಿಕ್ಕಿಸಿ, ಎಳೆದು, ಉಳಿದ ಮೂರು ಮೂಲೆಗೂ ಸುತ್ತಿಸಿ ಬಿಡುತ್ತಾರೆ. ಟಪ್ ಅಂತ ಕೂರುತ್ತದೆ. ಕಡ್ಡಿಯ ಮೇಲಿದ್ದಾಗ ದಪ್ಪಗೆ, ಗಾಢವಾಗಿ ಇದ್ದ ಉಂಗುರ ಈಗ ಬ್ರಾಕೆಟ್‌ನ ಸುತ್ತ ತೆಳ್ಳಗೆ ಎಳೆದುಕೊಂಡು ಕೂತಿದೆ. ಅದರ ನಡುವೆ ಲೋಹದ ಬೂದು ಬಣ್ಣ, ಸುತ್ತ ಹಲ್ಲಿನ ಬಣ್ಣ, ಮೇಲೆ ತುಟಿಯ ನೆರಳು. ಚಾರ್ಟಿನಲ್ಲಿ ನೋಡಿದ್ದೇ ಒಂದು, ಬಾಯಲ್ಲಿ ಕಾಣುವುದೇ ಒಂದು ಅನ್ನಿಸುವುದು ಇದಕ್ಕೇ.

ತಿಳಿ ಬಣ್ಣಗಳು ಹಿಗ್ಗಿದಾಗ ಇನ್ನೂ ತಿಳಿಯಾಗುತ್ತವೆ. ಚಾರ್ಟಿನಲ್ಲಿ ಮುದ್ದಾಗಿದ್ದ ತಿಳಿ ನೇರಳೆ ಬಾಯಲ್ಲಿ ಬಿಳಿಯೋ ಬೂದೋ ಗೊತ್ತಾಗುವುದಿಲ್ಲ. ಕಡು ಬಣ್ಣಗಳು ಬಾಯಿಯ ನೆರಳಲ್ಲಿ ಇನ್ನೂ ಕಡುವಾಗುತ್ತವೆ. ಮರೂನ್, ತುಂಬಾ ಗಾಢ ಹಸಿರು, ಗಾಢ ಕಂದು ಎಲ್ಲ ನಾಲ್ಕು ಹೆಜ್ಜೆ ದೂರ ನಿಂತವರಿಗೆ ಕಪ್ಪೇ. ಹಾಗಾಗಿ ಇಷ್ಟದ ಬಣ್ಣ ಯಾವುದಾದರೂ ಇರಲಿ, ಅದರಲ್ಲಿ ನಡುವಿನ ಛಾಯೆಯನ್ನು ಕೇಳಿ. ತೀರಾ ತಿಳಿಯೂ ಬೇಡ, ತೀರಾ ಗಾಢವೂ ಬೇಡ.

ಉಂಗುರಗಳನ್ನು ಸಾಮಾನ್ಯವಾಗಿ 4 ರಿಂದ 8 ವಾರಕ್ಕೊಮ್ಮೆ, ತಂತಿ ಸರಿಮಾಡುವಾಗ ಬದಲಾಯಿಸುತ್ತಾರೆ. ಬಣ್ಣ ಹಳೆಯದಾಯಿತು ಅಂತಲ್ಲ, ಬಾಯಿಯ ಬಿಸಿ ಮತ್ತು ತೇವಕ್ಕೆ ಇವು ಬಿಗಿ ಕಳೆದುಕೊಳ್ಳುತ್ತವೆ. ಮೊದಲ ದಿನದಲ್ಲೇ ಸುಮಾರು ಬಿಗಿ ಹೋಗಿಬಿಟ್ಟಿರುತ್ತದೆ. ನಮ್ಮ ಮಟ್ಟಿಗೆ ಇದರ ಅರ್ಥ ಇಷ್ಟೇ: ಒಮ್ಮೆ ಆರಿಸಿದ ಬಣ್ಣದ ಜೊತೆ ಒಂದೂವರೆ ತಿಂಗಳು ಕಳೆಯಬೇಕು. ಇಷ್ಟವಾಗದಿದ್ದರೆ ಜೀವನಪರ್ಯಂತದ ಶಿಕ್ಷೆಯೇನಲ್ಲ, ಮುಂದಿನ ಸಲ ಬದಲಾಯಿಸಬಹುದು. ಬಣ್ಣ ಯಾವುದೇ ಆದರೂ ಹಲ್ಲು ಸರಿಯುವ ವೇಗಕ್ಕೂ ಅದಕ್ಕೂ ಸಂಬಂಧ ಇಲ್ಲ.

ಎಲ್ಲರಿಗೂ ಈ ಬಣ್ಣದ ಚಿಂತೆ ಇರುವುದಿಲ್ಲ. ಅಲೈನರ್ (ಹಲ್ಲಿನ ಮೇಲೆ ತೊಡುವ ಪಾರದರ್ಶಕ ಪ್ಲಾಸ್ಟಿಕ್ ಅಚ್ಚು) ಹಾಕಿಸಿಕೊಂಡವರಿಗೆ ಉಂಗುರವೇ ಇಲ್ಲ. ಹಲ್ಲಿನ ಒಳಬದಿಗೆ ಕ್ಲಿಪ್ ಹಾಕಿಸಿದ್ದರೆ ಯಾರಿಗೂ ಕಾಣುವುದಿಲ್ಲ. ಸೆಲ್ಫ್ ಲಿಗೇಟಿಂಗ್ ಬ್ರಾಕೆಟ್ ಅಂತ ಒಂದಿದೆ, ಅದಕ್ಕೆ ತಂತಿ ಹಿಡಿಯಲು ತನ್ನದೇ ಪುಟ್ಟ ಬಾಗಿಲು ಇರುತ್ತದೆ, ಉಂಗುರ ಬೇಕಾಗಿಲ್ಲ. ನಿಮಗೆ ಬಣ್ಣ ಬೇಕೇ ಬೇಕು ಅನ್ನಿಸಿದರೆ ಬ್ರಾಕೆಟ್ ಆರಿಸುವ ಮೊದಲೇ ಅದನ್ನು ಹೇಳಿ.

ಮೊದಲು ಕಲೆಯ ವಿಷಯ

ಪಾಲಿಯುರೆಥೇನ್ ಉಂಗುರ ಬಾಯಲ್ಲಿ ನೀರನ್ನೂ ಹೀರುತ್ತದೆ, ನೀರಿನ ಜೊತೆ ಬಣ್ಣವನ್ನೂ ಹೀರುತ್ತದೆ. ಕಾಫಿ, ಟೀ, ಬೀಟ್‌ರೂಟ್, ಟೊಮೆಟೊ ಸಾಸ್, ಕಪ್ಪು ಬಣ್ಣದ ತಂಪು ಪಾನೀಯ, ಎಲ್ಲವೂ ಸ್ವಲ್ಪ ಸ್ವಲ್ಪ ಗುರುತು ಬಿಡುತ್ತವೆ. ಆದರೆ ಇವೆಲ್ಲವನ್ನೂ ಮೀರಿಸುವುದು ಅರಿಶಿನ. ಅದರಲ್ಲಿರುವ ಕರ್ಕ್ಯುಮಿನ್ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ, ಪ್ಲಾಸ್ಟಿಕ್‌ಗೆ ಹತ್ತಿತೆಂದರೆ ಬಿಡುವುದಿಲ್ಲ. ಬಟ್ಟೆಗೆ ಬಿದ್ದ ಅರಿಶಿನದ ಕಲೆಯನ್ನು ಬಿಸಿಲಿಗೆ ಹಾಕಿದರೆ ತಿಳಿಯಾಗುತ್ತದೆ, ಕರ್ಕ್ಯುಮಿನ್‌ಗೆ ಬೆಳಕು ಆಗುವುದಿಲ್ಲ. ಬಾಯೊಳಗೆ ಬಿಸಿಲು ಎಲ್ಲಿಂದ ಬರಬೇಕು?

ಈಗ ಪಾರದರ್ಶಕ ಉಂಗುರ ಹಾಕಿಸಿದ್ದೀರಿ ಅಂದುಕೊಳ್ಳಿ. ಕಾಣಬಾರದು ಅಂತಲೇ ಹಾಕಿಸಿದ್ದು. ಮೊದಲ ದಿನ ನಿಜಕ್ಕೂ ಕಾಣುವುದಿಲ್ಲ. ಅರಿಶಿನ ಹಾಕಿದ ಒಂದು ಊಟ ಆಗುತ್ತಿದ್ದ ಹಾಗೆ ಉಂಗುರದ ಅಂಚಿನಲ್ಲಿ ತೆಳು ಹಳದಿ ಗೆರೆ ಏಳುತ್ತದೆ. ಬ್ರಶ್ ತಿಕ್ಕಿದರೂ ಹೋಗುವುದಿಲ್ಲ, ಯಾಕೆಂದರೆ ಅದು ಮೇಲೆ ಕೂತಿರುವುದಲ್ಲ, ಒಳಗೆ ಇಳಿದಿರುವುದು. ವಾರ ಕಳೆಯುವಷ್ಟರಲ್ಲಿ ಪೂರ್ತಿ ಹಳದಿ. ತಿಂಗಳ ಕೊನೆಗೆ ಹಳದಿಯೂ ಅಲ್ಲ, ಕಂದೂ ಅಲ್ಲ, ಒಂಥರಾ ಹಳೇ ಅಂಟಿನ ಬಣ್ಣ. ನೋಡುವವರಿಗೆ ಅದು ಉಂಗುರದ ಬಣ್ಣ ಅಂತ ಗೊತ್ತಾಗುವುದಿಲ್ಲ, ಹಲ್ಲೇ ಹಳದಿಯಾಗಿದೆ ಅಂದುಕೊಳ್ಳುತ್ತಾರೆ. ಬಿಳಿ ಉಂಗುರದ ಕಥೆಯೂ ಹೆಚ್ಚುಕಡಿಮೆ ಇದೇ. ಯಾರಿಗೂ ಕಾಣಬಾರದು ಅಂತ ಆರಿಸಿದ ಎರಡು ಬಣ್ಣಗಳೇ ಎಲ್ಲಕ್ಕಿಂತ ಜಾಸ್ತಿ ಕಣ್ಣಿಗೆ ಹೊಡೆಯುವುದು ಒಂದು ತಮಾಷೆ.

ಬಣ್ಣದ ಉಂಗುರಗಳು ಕಲೆಯಾಗುವುದಿಲ್ಲ ಅಂತಲ್ಲ, ಕಲೆ ಅದರ ಸ್ವಂತ ಬಣ್ಣದ ಜೊತೆ ಬೆರೆಯುತ್ತದೆ. ಹಳದಿ ಬೆರೆತರೆ ಏನಾಗುತ್ತದೆ ಅಂತ ಚಿಕ್ಕಂದಿನ ಬಣ್ಣದ ಡಬ್ಬಿಯ ಪಾಠ ನೆನಪಿಸಿಕೊಂಡರೆ ಸಾಕು. ಆಕಾಶ ನೀಲಿ ಹಸಿರಾಗುತ್ತದೆ. ತಿಳಿ ಗುಲಾಬಿ ಕಿತ್ತಳೆ ಕಡೆಗೆ ವಾಲುತ್ತದೆ. ತಿಳಿ ನೇರಳೆ ಕೊಳೆ ಕೊಳೆಯಾದ ಕಂದಾಗುತ್ತದೆ. ಗಾಢ ನೀಲಿ, ನವಿಲು ನೀಲಿ, ಗಾಢ ನೇರಳೆ, ಗಾಢ ಬೂದು, ಇವಕ್ಕೂ ಹಳದಿ ಹತ್ತುತ್ತದೆ, ಆದರೆ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಮನೆಯಲ್ಲಿ ದಿನಾ ಅರಿಶಿನ ಹಾಕಿ ಅಡುಗೆ ಮಾಡುವವರು, ದಿನಕ್ಕೆ ಮೂರು ಕಾಫಿ ಕುಡಿಯುವವರು ತಿಳಿ ಬಣ್ಣಗಳ ಕಡೆ ನೋಡಲೇಬೇಡಿ ಅನ್ನುತ್ತೇನೆ. ಊಟ ಬಿಡುವುದಕ್ಕಿಂತ ಬಣ್ಣ ಬಿಡುವುದು ಸುಲಭ ಅಲ್ವಾ.

ಇಷ್ಟಾದರೂ ತಿಳಿ ಬಣ್ಣವೇ ಬೇಕು ಅಂದರೆ ಸ್ವಲ್ಪ ಉಪಾಯಗಳಿವೆ. ಊಟ ಆದ ತಕ್ಷಣ ನೀರು ಹಾಕಿ ಜೋರಾಗಿ ಮುಕ್ಕಳಿಸಿ, ಆಮೇಲೆ ಬ್ರಶ್ ಮಾಡಿ. ತಂಪು ಪಾನೀಯಕ್ಕೆ ಸ್ಟ್ರಾ ಬಳಸಿ. ಮೊದಲ ಎರಡು ಮೂರು ದಿನವಾದರೂ ಅರಿಶಿನದಿಂದ ದೂರ ಇದ್ದರೆ ಅಷ್ಟು ದಿನವಾದರೂ ಹೊಸತಾಗಿ ಕಾಣುತ್ತದೆ. ಹಲ್ಲು ಬೆಳ್ಳಗಾಗಿಸುವ ಪೇಸ್ಟ್ ತಂದು ಉಂಗುರ ತಿಕ್ಕುವುದು ಸುಮ್ನೆ ದಂಡ. ಕ್ಲೋರ್‌ಹೆಕ್ಸಿಡಿನ್ ಇರುವ ಮೌತ್‌ವಾಶ್ ಬರೆದುಕೊಟ್ಟಿದ್ದರೆ ಅದನ್ನು ಹೇಳಿದಷ್ಟು ದಿನ ಬಳಸಿ, ಆದರೆ ಅದೂ ಕಂದು ಕಲೆ ಬಿಡುತ್ತದೆ ಅನ್ನುವುದು ಗೊತ್ತಿರಲಿ. ಆ ದಿನಗಳಿಗೆ ಗಾಢ ಬಣ್ಣವೇ ಸರಿ.

ಹಲ್ಲಿನ ಬಣ್ಣ ನೋಡಿಕೊಳ್ಳಿ

ಹಾಲಿನಷ್ಟು ಬಿಳಿ ಹಲ್ಲು ಯಾರಿಗೂ ಇರುವುದಿಲ್ಲ. ಕೃತಕ ಹಲ್ಲಿನ ಬಣ್ಣ ಹೊಂದಿಸಲು ಡೆಂಟಿಸ್ಟ್‌ಗಳು ಬಳಸುವ ವೀಟಾ ಅನ್ನುವ ಒಂದು ಅಳತೆಪಟ್ಟಿ ಇದೆ. ಅದರಲ್ಲಿ 16 ಛಾಯೆಗಳು, ಎ, ಬಿ, ಸಿ, ಡಿ ಅಂತ ನಾಲ್ಕು ಗುಂಪು. ಎ ಅಂದರೆ ಕೆಂಪು ಮಿಶ್ರಿತ ಕಂದು, ಬಿ ಅಂದರೆ ಕೆಂಪು ಮಿಶ್ರಿತ ಹಳದಿ, ಸಿ ಬೂದು, ಡಿ ಕೆಂಪು ಮಿಶ್ರಿತ ಬೂದು. ನಿಮ್ಮದು ಯಾವುದು ಅಂತ ಡಾಕ್ಟರನ್ನು ಕೇಳಿದರೆ ಒಂದೇ ನಿಮಿಷದಲ್ಲಿ ಹೇಳುತ್ತಾರೆ. ಅಷ್ಟೂ ಬೇಡ ಅಂದರೆ ಹಗಲಲ್ಲಿ ಕಿಟಕಿ ಪಕ್ಕ ನಿಂತು ಹಲ್ಲಿನ ಪಕ್ಕ ಒಂದು ಬಿಳಿ ಹಾಳೆ ಹಿಡಿದು ಕನ್ನಡಿ ನೋಡಿ. ಹಳದಿ ಕಡೆಗಿದೆಯೋ ಬೂದಿ ಕಡೆಗಿದೆಯೋ ಅಂತ ತಕ್ಷಣ ಗೊತ್ತಾಗುತ್ತದೆ. ಆ ಹಾಳೆಯ ಪಕ್ಕ ಎಲ್ಲರ ಹಲ್ಲೂ ಹಳದಿಯೇ ಕಾಣುತ್ತದೆ, ಗಾಬರಿ ಬೇಡ. ಬಿಳಿ ಉಂಗುರ ಹಾಕಿಸಿಕೊಂಡರೂ ಇದೇ ಆಗುವುದು: ಅಪ್ಪಟ ಬಿಳಿ ಪಕ್ಕದಲ್ಲಿ ಕೂತು ಹಲ್ಲನ್ನು ಹಳದಿ ಮಾಡಿ ತೋರಿಸುತ್ತದೆ.

ಒಂದು ಬಣ್ಣದ ಪಕ್ಕ ಇನ್ನೊಂದನ್ನು ಇಟ್ಟರೆ ಎರಡೂ ಬೇರೆ ಥರ ಕಾಣುತ್ತವೆ ಅನ್ನುವುದನ್ನು ಮೊದಲು ಕೂಲಂಕಷವಾಗಿ ಬರೆದಿಟ್ಟವನು ಶೆವ್ರೂಲ್ ಅನ್ನುವ ಫ್ರೆಂಚ್ ರಸಾಯನಶಾಸ್ತ್ರಜ್ಞ. ಪ್ಯಾರಿಸ್ಸಿನ ಗೊಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ಅವನ ಕೈಯಲ್ಲಿತ್ತು. ಕಪ್ಪು ನೂಲು ಮಂಕಾಗಿದೆ ಅಂತ ದೂರು ಬಂತು. ನೋಡಿದರೆ ನೂಲಿನ ಬಣ್ಣದಲ್ಲಿ ದೋಷ ಇರಲಿಲ್ಲ, ಪಕ್ಕದಲ್ಲಿದ್ದ ನೀಲಿ ಮತ್ತು ನೇರಳೆ ನೂಲುಗಳು ಅದನ್ನು ಮಂಕು ಮಾಡಿ ತೋರಿಸುತ್ತಿದ್ದವು. 1839ರಲ್ಲಿ ಅವನು ಇದನ್ನೆಲ್ಲ ಪ್ರಕಟಿಸಿದ. ಹಲ್ಲಿನ ಮೇಲೂ ನಡೆಯುವುದು ಇದೇ ಆಟ. ಉಂಗುರ ಚಿಕ್ಕದೇ ಇರಬಹುದು, ಪಕ್ಕದ ಹಲ್ಲಿನ ಬಣ್ಣವನ್ನು ಅದು ಎಳೆದಾಡುತ್ತದೆ.

ಹಲ್ಲು ಹಳದಿ ಕಡೆಗಿದ್ದರೆ ಗಾಢ ನೀಲಿ, ನೇರಳೆ ಒಳ್ಳೆಯದು. ಗಾಢ ಬಣ್ಣದ ಪಕ್ಕ ಹಲ್ಲು ಬೆಳ್ಳಗೆ ಕಾಣುತ್ತದೆ. ಹಳದಿ, ಕೇಸರಿ, ಚಿನ್ನದ ಬಣ್ಣ ಬೇಡ, ಅವು ಹಲ್ಲಿನಲ್ಲಿರುವ ಹಳದಿಗೆ ಇನ್ನಷ್ಟು ಹಳದಿ ಸೇರಿಸಿದ ಹಾಗೆ ತೋರಿಸುತ್ತವೆ. ಹಲ್ಲು ಬೂದಿ ಕಡೆಗಿದ್ದರೆ ಬೂದು, ಬೆಳ್ಳಿ ಬಣ್ಣಗಳು ಇಡೀ ಬಾಯನ್ನು ಮಂಕು ಮಾಡುತ್ತವೆ, ಅಂಥವರಿಗೆ ಗಾಢ ಗುಲಾಬಿ ಅಥವಾ ಕೆಂಪು ಮಿಶ್ರಿತ ನೇರಳೆ ಜೀವ ಕೊಡುತ್ತದೆ.

ವಸಡಿನ ಬಣ್ಣವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ನಕ್ಕಾಗ ವಸಡು ಕಾಣುವವರು ಅದನ್ನೂ ನೋಡಬೇಕು. ವಸಡು ತಿಳಿ ಗುಲಾಬಿ ಇದ್ದು ಉಂಗುರವೂ ಅದೇ ಗುಲಾಬಿ ಆದರೆ ವಸಡೇ ಹಲ್ಲಿನ ಮೇಲೆ ಇಳಿದು ಬಂದ ಹಾಗೆ ಕಾಣುತ್ತದೆ. ವಸಡಿನಲ್ಲಿ ಕಂದು, ಕಪ್ಪು ಛಾಯೆ ಇರುವವರಿಗೆ (ಇದು ಸಹಜ, ರೋಗವಲ್ಲ) ಗಾಢ ನೀಲಿ, ನೇರಳೆ ಚೆನ್ನಾಗಿ ಹೊಂದುತ್ತವೆ.

ಒಂದೊಂದೇ ಬಣ್ಣ

ಗಾಢ ನೀಲಿ: ಯಾವುದೂ ಹೊಳೆಯದಿದ್ದರೆ ಇದನ್ನೇ ಹೇಳಿ. ಕಲೆ ತಡೆಯುತ್ತದೆ, ಹಲ್ಲು ಬೆಳ್ಳಗೆ ತೋರಿಸುತ್ತದೆ, ಆಫೀಸಿಗೂ ನಡೆಯುತ್ತದೆ, ಮದುವೆ ಮನೆಗೂ ನಡೆಯುತ್ತದೆ. ತೀರಾ ಸಪ್ಪೆ ಅನ್ನಿಸಿದರೆ ನವಿಲು ನೀಲಿ.

ನೇರಳೆ ಎರಡನೆಯದು. ನಡು ಛಾಯೆಯ ನೇರಳೆ ಎಲ್ಲ ಮೈಬಣ್ಣಕ್ಕೂ ಹೊಂದುತ್ತದೆ ಅಂತ ನನ್ನ ಅನಿಸಿಕೆ.

ಬೂದು, ಹೊಗೆ ಬಣ್ಣ: ಲೋಹದ ಬ್ರಾಕೆಟ್ ಇರುವವರು ಕಾಣಬಾರದು ಅಂತ ಬಯಸಿದರೆ ಪಾರದರ್ಶಕ ಬಿಟ್ಟು ಇದನ್ನು ಹಾಕಿಸಿ. ಉಂಗುರ ಬ್ರಾಕೆಟ್ ಜೊತೆ ಬೆರೆತು ಹೋಗುತ್ತದೆ, ಎಲ್ಲ ಸೇರಿ ಒಂದೇ ಸಾಮಾನು ಅನ್ನಿಸುತ್ತದೆ. ಕಲೆಯನ್ನೂ ಸುಮಾರಾಗಿ ಮುಚ್ಚುತ್ತದೆ. ದೊಡ್ಡವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಕಪ್ಪು ಇಷ್ಟಪಡುವವರು ಇಷ್ಟಪಡುತ್ತಾರೆ. ಅದರ ಪಕ್ಕ ಹಲ್ಲು ಬೆಳ್ಳಗೆ ಕಾಣುವುದೂ ನಿಜ, ಕಲೆ ಕಾಣದಿರುವುದೂ ನಿಜ. ಆದರೆ ದೂರದಿಂದ ನೋಡಿದರೆ ಹಲ್ಲಿನಲ್ಲಿ ಏನೋ ಸಿಕ್ಕಿಕೊಂಡಿದೆ ಅಥವಾ ತೂತಾಗಿದೆ ಅನ್ನಿಸುತ್ತದೆ. ಕಂದು ಬಣ್ಣಕ್ಕೆ ಇದೇ ತೊಂದರೆ, ಜಾಸ್ತಿ ಪ್ರಮಾಣದಲ್ಲಿ. ಕಂದು ಹಾಕಿಸಲು ಒಂದೇ ಒಂದು ಕಾರಣವೂ ನನಗೆ ಹೊಳೆಯುವುದಿಲ್ಲ.

ಹಸಿರಿನಲ್ಲಿ ಪಾಚಿ ಹಸಿರು, ಎಲೆ ಹಸಿರು ಬೇಡ. ಸೊಪ್ಪು ಸಿಕ್ಕಿಕೊಂಡಿದೆ ಅಂತ ಎದುರಿನವರು ಸನ್ನೆ ಮಾಡಿ ತೋರಿಸುತ್ತಾರೆ, ನೀವು ಇಲ್ಲ ಇದು ರಬ್ಬರ್ ಅಂತ ಹೇಳುತ್ತಾ ಕೂರಬೇಕು. ಗಿಳಿ ಹಸಿರು ಪರವಾಗಿಲ್ಲ, ಅದು ಬೇಕಂತಲೇ ಹಾಕಿದ್ದು ಅಂತ ಗೊತ್ತಾಗುತ್ತದೆ.

ಕೆಂಪು ಮೊದಲ ನೋಟಕ್ಕೆ ಚೆನ್ನಾಗಿರುತ್ತದೆ. ಆದರೆ ವಸಡಿನ ಹತ್ತಿರ ತೆಳ್ಳಗೆ ಕೂತಾಗ ರಕ್ತ ಒಸರಿದ ಹಾಗೆ ಕಾಣುವ ಸಾಧ್ಯತೆ ಇದೆ, ಅದರಲ್ಲೂ ಗಾಢ ಕೆಂಪು. ಗುಲಾಬಿ ಕಡೆಗಿನ ಕೆಂಪು, ರಾಣಿ ಬಣ್ಣ ವಾಸಿ. ಲಿಪ್‌ಸ್ಟಿಕ್ ಹಚ್ಚುವವರು ಒಂದು ನೋಡಿಕೊಳ್ಳಿ: ಕಿತ್ತಳೆ ಛಾಯೆಯ ಲಿಪ್‌ಸ್ಟಿಕ್ ಜೊತೆ ರಾಣಿ ಬಣ್ಣದ ಉಂಗುರ ಜಗಳವಾಡುತ್ತದೆ.

ಕತ್ತಲಲ್ಲಿ ಹೊಳೆಯುವ ಉಂಗುರಗಳೂ ಬರುತ್ತವೆ. ಮಕ್ಕಳಿಗೆ ಎರಡು ದಿನ ಖುಷಿ. ಹಗಲಲ್ಲಿ ಅವು ಹಸಿರು ಮಿಶ್ರಿತ ಬಿಳಿ, ಬೇಗ ಕಲೆಯಾಗುತ್ತವೆ.

ಸಿರಾಮಿಕ್ ಬ್ರಾಕೆಟ್ ಹಾಕಿಸಿಕೊಂಡವರ ಪಾಡು ಬೇರೆ. ಬ್ರಾಕೆಟ್ ಹಲ್ಲಿನ ಬಣ್ಣದ್ದೇ, ಅದಕ್ಕೆ ಲೋಹದ ಬೂದು ಹಾಕಿದರೆ ಎದ್ದು ಕಾಣುತ್ತದೆ, ಪಾರದರ್ಶಕ ಹಾಕಿದರೆ ಹಳದಿಯಾಗುತ್ತದೆ. ಬ್ರಾಕೆಟ್ ಕಲೆಯಾಗಿದೆ ಅಂತ ಹಲವರು ದೂರುತ್ತಾರೆ, ಸಾಮಾನ್ಯವಾಗಿ ಕಲೆಯಾಗಿರುವುದು ಉಂಗುರ. ಹಲ್ಲಿನ ಬಣ್ಣಕ್ಕೆ ಹತ್ತಿರದ ಮುತ್ತಿನ ಬಣ್ಣ ಸಿಕ್ಕರೆ ಅದು ಪಾರದರ್ಶಕಕ್ಕಿಂತ ಮೇಲು. ಇಲ್ಲವಾದರೆ ತೆಳು ಸ್ಟೀಲ್ ತಂತಿಯಲ್ಲೇ ಕಟ್ಟಲು ಆಗುತ್ತದೆಯೇ ಅಂತ ಕೇಳಿ. ಅದಕ್ಕೆ ಕಲೆಯ ಮಾತೇ ಇಲ್ಲ.

ಎರಡು ಬಣ್ಣ ಹಾಕಿಸುವುದಾದರೆ

ಒಂದೇ ಬಣ್ಣ ಹಾಕಿಸಬೇಕು ಅಂತೇನೂ ನಿಯಮ ಇಲ್ಲ. ಪ್ರತಿ ಹಲ್ಲಿಗೂ ಬೇರೆ ಬೇರೆ ಹಾಕಬಹುದು. ಆದರೆ ಕಣ್ಣು ಹೇಗೆ ನೋಡುತ್ತದೆ ಅನ್ನುವುದು ಗೊತ್ತಿದ್ದರೆ ಒಳ್ಳೆಯದು. ಹತ್ತಿರದಿಂದ ಒಂದೊಂದು ಉಂಗುರವೂ ಬೇರೆಯಾಗಿ ಕಾಣುತ್ತದೆ. ಸ್ವಲ್ಪ ದೂರ ಹೋದರೆ ಪಕ್ಕಪಕ್ಕದ ಬಣ್ಣಗಳು ಕಣ್ಣಲ್ಲಿ ಬೆರೆಯುತ್ತವೆ. ಕೆಂಪು, ಹಸಿರು ಒಂದು ಬಿಟ್ಟು ಒಂದು ಹಾಕಿಸಿದರೆ ದೂರಕ್ಕೆ ಕೆಸರು ಬಣ್ಣ. ನೀಲಿ ಮತ್ತು ನೇರಳೆ, ನೀಲಿ ಮತ್ತು ಬೂದು, ಗುಲಾಬಿ ಮತ್ತು ನೇರಳೆ, ಹೀಗೆ ಅಕ್ಕಪಕ್ಕದ ಬಣ್ಣಗಳನ್ನು ಜೋಡಿ ಮಾಡಿದರೆ ದೂರದಿಂದಲೂ ಹಾಳಾಗುವುದಿಲ್ಲ.

ಒಂದು ಬಿಟ್ಟು ಒಂದು ಹಾಕಿಸುವಾಗ ಒಂದು ಸಣ್ಣ ತೊಡಕಿದೆ. ಮುಂದಿನ ಎರಡು ದೊಡ್ಡ ಹಲ್ಲುಗಳಲ್ಲಿ ಎಡದ್ದಕ್ಕೆ ನೀಲಿ, ಬಲದ್ದಕ್ಕೆ ನೇರಳೆ ಬಂದುಬಿಡುತ್ತದೆ, ಮುಖದ ಎರಡು ಬದಿ ಬೇರೆ ಬೇರೆ ಅನ್ನಿಸುತ್ತದೆ. ಅದರ ಬದಲು ಮಧ್ಯದಿಂದ ಎಣಿಸಲು ಹೇಳಿ. ಮುಂದಿನ ಎರಡಕ್ಕೂ ಒಂದೇ ಬಣ್ಣ, ಅವುಗಳ ಪಕ್ಕದ ಎರಡಕ್ಕೆ ಇನ್ನೊಂದು, ಕೋರೆಹಲ್ಲಿಗೆ ಮತ್ತೆ ಮೊದಲಿನದು. ಎಡ ಬಲ ಸಮವಾಗುತ್ತದೆ, ಅಷ್ಟೇ ಬಣ್ಣ, ಅಷ್ಟೇ ಉಂಗುರ, ಆದರೆ ಲಕ್ಷಣವಾಗಿ ಕಾಣುತ್ತದೆ.

ಮೇಲೆ ಒಂದು ಬಣ್ಣ, ಕೆಳಗೆ ಒಂದು ಬಣ್ಣ ಮಾಡುವುದಾದರೆ ನೀವು ಮಾತಾಡುವಾಗ, ನಗುವಾಗ ಯಾವ ಸಾಲು ಕಾಣುತ್ತದೆ ಅಂತ ಫೋನಿನಲ್ಲಿ ವಿಡಿಯೋ ಮಾಡಿ ನೋಡಿ. ಚಿಕ್ಕ ವಯಸ್ಸಿನವರಿಗೆ ಮೇಲಿನ ಸಾಲು ಜಾಸ್ತಿ ಕಾಣುತ್ತದೆ. ವಯಸ್ಸಾಗುತ್ತಾ ಮೇಲ್ತುಟಿ ಇಳಿಯುತ್ತದೆ, ಕೆಳಗಿನ ಹಲ್ಲು ಹೆಚ್ಚು ಕಾಣತೊಡಗುತ್ತದೆ. ಕಾಣುವ ಸಾಲಿಗೆ ಸೌಮ್ಯ ಬಣ್ಣ, ಕಾಣದ ಸಾಲಿಗೆ ನಿಮ್ಮ ಹುಚ್ಚು ಬಣ್ಣ ಹಾಕಿಸಿಕೊಳ್ಳಬಹುದು. ಹೊರಗಿನವರಿಗೆ ಗಂಭೀರ, ಒಳಗೆ ಕಾಮನಬಿಲ್ಲು!

ಎಷ್ಟೇ ಯೋಚಿಸಿಕೊಂಡು ಹೋದರೂ ಒಮ್ಮೊಮ್ಮೆ ಡಾಕ್ಟರು ಇವತ್ತು ಚೈನ್ ಹಾಕಬೇಕು ಅನ್ನುತ್ತಾರೆ. ಪವರ್ ಚೈನ್ ಅಂದರೆ ಉಂಗುರಗಳೆಲ್ಲ ಒಂದಕ್ಕೊಂದು ಅಂಟಿಕೊಂಡ ಪಟ್ಟಿ, ಹಲ್ಲುಗಳ ನಡುವಿನ ಸಂದು ಮುಚ್ಚಲು ಹಾಕುವುದು. ಅದು ಪೂರ್ತಿ ಒಂದೇ ಬಣ್ಣ, ಮತ್ತೆ ಹಲ್ಲಿನಿಂದ ಹಲ್ಲಿಗೆ ಸೇತುವೆಯ ಹಾಗೆ ಇರುವುದರಿಂದ ಬಿಡಿ ಉಂಗುರಕ್ಕಿಂತ ಎರಡು ಪಟ್ಟು ಎದ್ದು ಕಾಣುತ್ತದೆ. ಬಿಡಿ ಉಂಗುರದಲ್ಲಿ ಚೆಂದ ಇದ್ದ ಗಿಳಿ ಹಸಿರು ಚೈನಿನಲ್ಲಿ ಜೋರಾಗಿಬಿಡುತ್ತದೆ. ಚೈನ್‌ಗೆ ಬೂದು ಅಥವಾ ಗಾಢ ನೀಲಿಯೇ ಸೈ. ತುಂಬಾ ತಿರುಗಿದ ಹಲ್ಲಿಗೆ ಸ್ಟೀಲ್ ತಂತಿ ಕಟ್ಟುವುದೂ ಇದೆ. ಅಲ್ಲಿ ಬಣ್ಣಕ್ಕಾಗಿ ಹಠ ಮಾಡಬೇಡಿ, ಹಲ್ಲು ಸರಿಯಾಗುವುದು ಮುಖ್ಯ.

ಕ್ಲಿನಿಕ್‌ನಲ್ಲಿ

ಒಂದು ಬಣ್ಣ ಅಲ್ಲ, ಮೂರು ಬಣ್ಣ ಮನಸ್ಸಲ್ಲಿ ಇಟ್ಟುಕೊಂಡು ಹೋಗಿ. ಎಲ್ಲ ಕಡೆ ಎಲ್ಲ ಬಣ್ಣ ಇರುವುದಿಲ್ಲ, ಇದ್ದದ್ದು ಖಾಲಿಯಾಗಿರಬಹುದು. ಕುರ್ಚಿಯಲ್ಲಿ ಮಲಗುವ ಮೊದಲೇ ಚಾರ್ಟ್ ಕೇಳಿ. ಕಾಗದದ ಮೇಲೆ ಮುದ್ರಿಸಿದ ಚಾರ್ಟ್ ನಂಬಬೇಡಿ, ನಿಜವಾದ ಉಂಗುರಗಳಿರುವ ಸ್ಯಾಂಪಲ್ ಇದ್ದರೆ ಅದನ್ನು ನೋಡಿ. ಮಲಗಿದಾಗ ತಲೆ ಮೇಲೆ ಉರಿಯುವ ದೀಪದ ಕೆಳಗೆ ಎಲ್ಲ ಬಣ್ಣವೂ ಒಂದು ಪಾಲು ಹೆಚ್ಚು ಉಜ್ವಲವಾಗಿ ಕಾಣುತ್ತದೆ. ಕಿಟಕಿ ಹತ್ತಿರ ಹೋಗಿ, ಸ್ಯಾಂಪಲ್ಲನ್ನು ತುಟಿಗೆ ತಾಗಿಸದೆ ಹಲ್ಲಿನ ಹತ್ತಿರ ಹಿಡಿದು, ಕನ್ನಡಿಯನ್ನು ಕೈ ಚಾಚಿದಷ್ಟು ದೂರ ಇಟ್ಟು ನೋಡಿ. ಜನ ನಿಮ್ಮನ್ನು ನೋಡುವುದು ಅಷ್ಟು ದೂರದಿಂದಲೇ ಹೊರತು, ನೀವು ಸ್ನಾನದ ಮನೆಯ ಕನ್ನಡಿಗೆ ಮೂಗು ತಾಗಿಸಿ ನೋಡಿಕೊಳ್ಳುವ ಹಾಗಲ್ಲ.

ಮದುವೆ, ಫೋಟೊ, ಸಂದರ್ಶನ ಏನಾದರೂ ಇದ್ದರೆ ಅಪಾಯಿಂಟ್‌ಮೆಂಟನ್ನು ಅದಕ್ಕೆ ಮೂರು ನಾಲ್ಕು ದಿನ ಮೊದಲು ಇಟ್ಟುಕೊಳ್ಳಿ. ತಂತಿ ಬಿಗಿ ಮಾಡಿದ ಮೇಲೆ ಒಂದೆರಡು ದಿನ ಹಲ್ಲು ನೋಯುತ್ತದೆ, ಹಾಗಾಗಿ ಹಿಂದಿನ ದಿನವೇ ಬೇಡ. ಅಂಥ ಸಲಕ್ಕೆ ಮಾತ್ರ ತಿಳಿ ಬಣ್ಣ, ಮುತ್ತಿನ ಬಣ್ಣ ಎಲ್ಲ ಲಾಯಕ್ಕು, ಹೇಗೂ ಹೊಸದಾಗಿರುತ್ತದೆ. ಸಮಾರಂಭ ಮುಗಿದ ಮೇಲೆ ಹಳದಿಯಾದರೆ ಆಗಲಿ.

ಮಕ್ಕಳಿಗೆ ಹಾಕಿಸುವಾಗ ಅಪ್ಪ ಅಮ್ಮ ಬಣ್ಣ ಆರಿಸಬೇಡಿ ದಯವಿಟ್ಟು. ನೋವು ಅವರದ್ದು, ಇಷ್ಟದ ತಿಂಡಿ ಬಿಡುವವರು ಅವರು, ಬಾಯಿ ಅವರದ್ದು. ಕಿತ್ತಳೆ, ಗಿಳಿ ಹಸಿರು ಒಟ್ಟಿಗೆ ಬೇಕು ಅಂದರೆ ಹಾಕಿಸಿ. ಬಣ್ಣದ ಆಸೆಗೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ತಾವಾಗಿಯೇ ಹೊರಡುತ್ತಾರೆ.

ನಡುವೆ ಒಂದು ಉಂಗುರ ಬಿದ್ದು ಹೋದರೆ ಕ್ಲಿನಿಕ್‌ಗೆ ಫೋನ್ ಮಾಡಿ. ಆ ಹಲ್ಲಿನಲ್ಲಿ ತಂತಿಯನ್ನು ಹಿಡಿದಿಡುವುದು ಏನೂ ಇರುವುದಿಲ್ಲ, ಹಾಗಾಗಿ ಅದು ಮುಂದಿನ ತಿಂಗಳಿಗೆ ಕಾಯುವ ವಿಷಯವಲ್ಲ. ಬಣ್ಣ ಹಾಳಾಗಿದೆ ಅಂತ ನೀವೇ ಪಿನ್ ಹಾಕಿ ಕೀಳಬೇಡಿ. ಕೇಳಿದರೆ ಬರೀ ಉಂಗುರ ಬದಲಾಯಿಸಿ ಕೊಡುವವರೂ ಇದ್ದಾರೆ, ಐದು ಹತ್ತು ನಿಮಿಷದ ಕೆಲಸ. ಆನ್‌ಲೈನಿನಲ್ಲಿ ಬಣ್ಣಬಣ್ಣದ ರಬ್ಬರ್ ತರಿಸಿ ಮನೆಯಲ್ಲೇ ಹಾಕಿಕೊಳ್ಳುವುದು, ಚೆಂದಕ್ಕೆ ಅಂತ ನಕಲಿ ಕ್ಲಿಪ್ ಹಾಕಿಕೊಳ್ಳುವುದು ಬೇಡವೇ ಬೇಡ. ಬ್ರಾಕೆಟ್ ಇಲ್ಲದ ಹಲ್ಲಿಗೆ ಸುತ್ತಿದ ರಬ್ಬರ್ ಹಲ್ಲಿನ ಆಕಾರಕ್ಕೆ ತಕ್ಕ ಹಾಗೆ ಮೆಲ್ಲಗೆ ಜಾರಿ ವಸಡಿನೊಳಗೆ ಹೋಗುತ್ತದೆ. ಅಲ್ಲಿ ಕಣ್ಣಿಗೆ ಕಾಣದ ಹಾಗೆ ಬೇರಿನ ಸುತ್ತಲಿನ ಮೂಳೆಯನ್ನು ತಿನ್ನುತ್ತಾ ಹೋಗಿ, ಗಟ್ಟಿಮುಟ್ಟಾದ ಹಲ್ಲೂ ಅಲ್ಲಾಡಿ ಬಿದ್ದುಹೋಗಬಹುದು. ಹಾಗೆ ಸುತ್ತಿದ ರಬ್ಬರ್ ಕಾಣೆಯಾಗಿದ್ದರೆ, ಬಿದ್ದು ಹೋಗಿರಬೇಕು ಅಂದುಕೊಂಡು ಸುಮ್ಮನಿರದೆ ಅವತ್ತೇ ಡೆಂಟಿಸ್ಟ್ ಹತ್ತಿರ ಹೋಗಿ ತೋರಿಸಿ.